ಕಾಡಿಗೆ ಕಿವಿಯಾದ ಹಳೆಯ ಫೋನು

ಓದುಗ ಬಂಧುಗಳ ಮನೆಗಳಲ್ಲಿ ಕಪಾಟಿನ ಮೂಲೆಯಲ್ಲೋ ಮಾಡದಲ್ಲೋ ಒಂದೆರಡು ಹಳೆಯ ಸ್ಮಾರ್ಟ್‌ಫೋನುಗಳು ಬಿದ್ದಿರುವುದುಂಟು. ಗಾಜು ಸೀಳಿದೆಯೆಂದೋ ಹೊಸ ಮಾದರಿ ಬಂದಿತೆಂದೋ ನಾವು ಅವನ್ನು ಕೈಬಿಟ್ಟಿರುತ್ತೇವೆ. ಆದರೆ ಅವುಗಳ ಆಲಿಸುವ ಮತ್ತು ಸುದ್ದಿ ಮುಟ್ಟಿಸುವ ಶಕ್ತಿ ಬಹುಮಟ್ಟಿಗೆ ಹಾಗೆಯೇ ಉಳಿದಿರುತ್ತದೆ. ಇಂಥ ಫೋನುಗಳನ್ನು ಕಾಡಿನ ಕಾವಲಿಗಿಟ್ಟ ಸಂಗತಿಯೊಂದನ್ನು ಈ ಸಲ ತಮ್ಮ ಮುಂದಿಡಬಯಸುತ್ತೇವೆ.

2011ರಲ್ಲಿ ಅಮೆರಿಕದ ಟೋಫರ್ ವೈಟ್ ಎಂಬ ಇಂಜಿನಿಯರು ಬೋರ್ನಿಯೋ ದ್ವೀಪದ ಮಳೆಕಾಡಿಗೆ ಹೋಗಿದ್ದರು. ಗಿಬ್ಬನ್ ಎಂಬ ಬಾಲವಿಲ್ಲದ ವಾನರಗಳ ರಕ್ಷಣಾಧಾಮವದು. ಕಾವಲುಗಾರರ ಠಾಣೆಯಿಂದ ಐದು ನಿಮಿಷ ನಡೆಯುವಷ್ಟರಲ್ಲಿ, ಒಬ್ಬನು ಮರ ಕೊಯ್ಯುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಕೆಲವೇ ನೂರು ಮೀಟರು ದೂರದಲ್ಲಿದ್ದ ಕಾವಲುಗಾರರಿಗೆ ಆ ಸದ್ದು ಕೇಳಿಸಿರಲೇ ಇಲ್ಲ. ಕಾಡೆಂದರೆ ಮೌನವೆಂದು ಭಾವಿಸುವ ನಮಗೆ ಇದು ಸೋಜಿಗವೇ ಸರಿ. ಗಿಬ್ಬನ್ನುಗಳ ಕೂಗು, ಮಂಗಟ್ಟೆ ಹಕ್ಕಿಗಳ ಕರೆ, ಜೀರುಂಡೆಗಳ ಎಡೆಬಿಡದ ನಾದ, ಇವುಗಳ ನಡುವೆ ಯಂತ್ರ ಗರಗಸದ ಆರ್ಭಟವೂ ಅಡಗಿಹೋಗುತ್ತದೆ.

ಅಲ್ಲಿಗೆ ವಿದ್ಯುತ್ತಿನ ತಂತಿ ತಲುಪಿರಲಿಲ್ಲ. ಮೊಬೈಲ್ ಸಿಗ್ನಲ್ ಮಾತ್ರ ಚೆನ್ನಾಗಿ ದೊರೆಯುತ್ತಿತ್ತು! ವೈಟ್ ಅವರಿಗೆ ಇದರಿಂದಲೇ ದಾರಿ ಹೊಳೆಯಿತು. ಜನರು ಬಳಸಿ ಬಿಟ್ಟ ಫೋನನ್ನು ಪೆಟ್ಟಿಗೆಯೊಳಗಿರಿಸಿ, ಸುತ್ತಲೂ ಹೂವಿನ ಎಸಳುಗಳಂತೆ ಸೌರಫಲಕದ ಪಟ್ಟಿಗಳನ್ನು ಜೋಡಿಸಿ ಮರದ ಮೇಲಕ್ಕೇರಿಸಿದರು. ಎಲೆಗಳ ಎಡೆಯಿಂದಿಳಿಯುವ ಚೂರುಪಾರು ಬಿಸಿಲೇ ಅದಕ್ಕೆ ಆಹಾರ. ಅದು ಸುಮಾರು ಒಂದು ಕಿಲೋಮೀಟರು ದೂರದ ಗರಗಸವನ್ನೂ ಆಲಿಸಬಲ್ಲುದು. ಫೋನು ಕಳುಹಿಸಿದ ಧ್ವನಿಯಲ್ಲಿ ದೂರದ ಕಂಪ್ಯೂಟರುಗಳು ಗರಗಸದ ಸ್ವರವನ್ನು ಗುರುತಿಸಿ, ತಕ್ಷಣ ಕಾವಲುಗಾರರಿಗೆ ಸಂದೇಶ ಮುಟ್ಟಿಸುತ್ತವೆ.

2013ರಲ್ಲಿ ಸುಮಾತ್ರಾ ದ್ವೀಪದಲ್ಲಿ ಇದನ್ನು ಪರೀಕ್ಷೆಗಿಟ್ಟಾಗ ಎರಡನೆಯ ದಿನವೇ ಸಂದೇಶ ಬಂದಿತು. ಹುಡುಕಿ ಹೋದವರಿಗೆ ಮರ ಕಡಿಯುತ್ತಿದ್ದವರು ಎದುರಾದರು, ಕಡಿತ ನಿಂತಿತು. ಬಳಿಕ ಬ್ರೆಜಿಲಿನ ಟೆಂಬೆ ಬುಡಕಟ್ಟಿನವರೂ ತಮ್ಮ ಅರಣ್ಯದಲ್ಲಿ ಈ ಸಾಧನಗಳನ್ನು ಇರಿಸಿಕೊಂಡರು.

ಆದರೆ ಕೈಚೀಲಕ್ಕೆಂದು ಮಾಡಿದ ಫೋನು ಮಳೆಕಾಡಿನ ಸೆಕೆ, ತೇವಗಳನ್ನು ಎಷ್ಟು ಕಾಲ ತಾಳೀತು? ವೈಟ್ ಅವರು ಸ್ಥಾಪಿಸಿದ ರೈನ್‌ಫಾರೆಸ್ಟ್ ಕನೆಕ್ಷನ್ ಸಂಸ್ಥೆಯು ಮುಂದೆ ಈ ಕೆಲಸಕ್ಕೆಂದೇ ಬೇರೆ ಸಾಧನಗಳನ್ನು ರೂಪಿಸಿಕೊಂಡಿತು. ಇನ್ನೊಂದು ಮಾತು. ಸಂದೇಶ ಬಂದ ಗಳಿಗೆಯಲ್ಲಿ ಎದ್ದು ಹೊರಡುವವರಿಲ್ಲದಿದ್ದರೆ ಮರದ ಮೇಲಿನ ಫೋನಿನಿಂದ ಮರ ಉಳಿಯಲಾರದು. ಟೆಂಬೆ ಜನರಲ್ಲಿ ಅಂಥವರಿದ್ದರು. ಫೋನು ಬರುವುದಕ್ಕೆ ಮೊದಲೇ ಅವರು ತಮ್ಮ ಗಡಿಯನ್ನು ತಾವೇ ಕಾಯುತ್ತಿದ್ದರು.