ಮೂರು ಅಕ್ಷರ ಸಿಕ್ಕ ಮೇಲೆ ಏನು?

ಬೋಧನಾಭ್ಯಾಸಕ್ಕೆ ಹೋದ ನಮ್ಮಲ್ಲಿ ಬಹುತೇಕರು ಒಮ್ಮೆಯಾದರೂ ಆಡಿಸಿರುವ ಆಟವೊಂದಿದೆ. ಕಪ್ಪುಹಲಗೆಯ ಮೇಲೆ ಎರಡು ಮೂರು ಇಂಗ್ಲಿಷ್ ಅಕ್ಷರ ಬರೆಯುವುದು, ಅವು ಅದೇ ಕ್ರಮದಲ್ಲಿ ಬರುವ ಪದಗಳನ್ನು ಐದು ನಿಮಿಷದಲ್ಲಿ ಹುಡುಕಿ ಎನ್ನುವುದು, ಹೆಚ್ಚು ಪದ ಬರೆದ ಗುಂಪಿಗೆ ಚಪ್ಪಾಳೆ ತಟ್ಟಿಸುವುದು. ಖರ್ಚಿಲ್ಲ, ಬೋಧನೋಪಕರಣ ಬೇಕಿಲ್ಲ, ತರಗತಿಯೂ ಚುರುಕಾಗುತ್ತದೆ. ಪಾಠ ಯೋಜನೆಯಲ್ಲಿ ಚಟುವಟಿಕೆಯ ಕಾಲಂ ಕೂಡ ತುಂಬುತ್ತದೆ. ಈ ಆಟವನ್ನು ನಾವು ಅರ್ಧಕ್ಕೇ ನಿಲ್ಲಿಸುತ್ತಿದ್ದೇವೆ ಎಂಬುದು ನನ್ನ ಅಭಿಪ್ರಾಯ. ನಾನೂ ಹಾಗೆ ನಿಲ್ಲಿಸಿದವಳೇ.

ಕನ್ನಡ ಮಾಧ್ಯಮದ 9ನೇ ತರಗತಿಗೆ ಧಾತುಗಳ ಹೆಸರು ಮತ್ತು ಸಂಕೇತಗಳ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಪಾಠ ವೀಕ್ಷಣೆಗೆ ಬಂದ ಉಪನ್ಯಾಸಕರಿದ್ದರು. ಪ್ರೇರಣೆಗಾಗಿ ಹಲಗೆಯ ಮೇಲೆ ಜಿ, ಇ, ಎನ್ ಎಂಬ ಮೂರು ಅಕ್ಷರ ಬರೆದು ಆಟ ಆಡಿಸಿದೆ. ಗೆದ್ದ ಗುಂಪು ಹದಿನಾಲ್ಕು ಪದ ಬರೆದಿತ್ತು: ಜನರಲ್, ಜೀನಿಯಸ್, ಏಜೆಂಟ್, ಅರ್ಜೆಂಟ್, ಡಿಟರ್ಜೆಂಟ್, ಜನರೇಟರ್ ಹೀಗೆ. ಆ ಗುಂಪಿನಲ್ಲಿ ಇಂಗ್ಲಿಷ್ ಟ್ಯೂಷನ್‌ಗೆ ಹೋಗುವ ಇಬ್ಬರಿದ್ದರು. ಕೊನೆಯ ಗುಂಪಿನ ಹಾಳೆಯಲ್ಲಿ ಮೂರೇ ಪದ: ಆಕ್ಸಿಜನ್, ಹೈಡ್ರೋಜನ್, ನೈಟ್ರೋಜನ್. “ಮೂರೇನಾ?” ಎಂದೆ. ತರಗತಿ ನಕ್ಕಿತು. ಆಗ ಆ ಗುಂಪಿನ ಹುಡುಗಿ ಎದ್ದು ನಿಂತು ಕೇಳಿದಳು: “ಮಿಸ್, ಹೈಡ್ರೋಜನ್ ಅಂದ್ರೆ ಜಲಜನಕ, ಆಕ್ಸಿಜನ್ ಅಂದ್ರೆ ಆಮ್ಲಜನಕ. ಹಾಗಾದ್ರೆ ‘ಜನ್’ ಅಂದ್ರೆ ‘ಜನಕ’ನಾ?”

“ಅದು ಆಮೇಲೆ ನೋಡೋಣ, ಕೂತ್ಕೊ” ಎಂದೆ. ಸಮಯ ಮೀರುತ್ತಿತ್ತು ಎಂಬುದು ಅರ್ಧ ಸತ್ಯ. ಉತ್ತರ ನನಗೆ ಗೊತ್ತಿರಲಿಲ್ಲ ಎಂಬುದು ಉಳಿದರ್ಧ. ಆ ಅವಧಿ ಮುಗಿಯುವವರೆಗೆ ಅವಳು ಮತ್ತೆ ಕೈ ಎತ್ತಲಿಲ್ಲ. ವೀಕ್ಷಣಾ ನಮೂನೆಯಲ್ಲಿ ನನ್ನ ಚಟುವಟಿಕೆಗೂ ಸಮಯಪಾಲನೆಗೂ ಒಳ್ಳೆಯ ಷರಾ ಬಂತು.

ಅಂದು ಸಂಜೆ ಗ್ರಂಥಾಲಯದಲ್ಲಿ ಕುಳಿತು ನೋಡಿದರೆ ಅವಳು ಹೇಳಿದ್ದು ಸರಿಯಾಗಿತ್ತು. ಫ್ರಾನ್ಸಿನ ಲವಾಸಿಯೇ ಮತ್ತು ಅವನ ಸಂಗಡಿಗರು 1787ರಲ್ಲಿ ರಾಸಾಯನಿಕಗಳ ಹೆಸರುಗಳನ್ನು ಕ್ರಮಕ್ಕೆ ತಂದಾಗ ಗ್ರೀಕ್ ಮೂಲಗಳನ್ನು ಜೋಡಿಸಿಕೊಂಡರು. ನೀರನ್ನು ಹುಟ್ಟಿಸುವುದು ಹೈಡ್ರೋಜನ್, ಆಮ್ಲವನ್ನು ಹುಟ್ಟಿಸುವುದು ಆಕ್ಸಿಜನ್. ಅದೇ ಅರ್ಥವನ್ನು ಹಿಡಿದು ಕಟ್ಟಿದ ಪದಗಳೇ ನಮ್ಮ ಜಲಜನಕ, ಆಮ್ಲಜನಕ. ಇಷ್ಟಕ್ಕೇ ಮುಗಿಯುವುದಿಲ್ಲ. ಗ್ರೀಕ್‌ನ ‘ಗೆನ್’, ಸಂಸ್ಕೃತದ ‘ಜನ್’ ಎರಡೂ ಒಂದೇ ಹಳೆಯ ಮೂಲದಿಂದ ಬಂದವು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದವು ಇರಬೇಕೆಂದು ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ 1786ರಲ್ಲೇ ಹೇಳಿದ್ದರು. ಮೂರು ಪದ ಬರೆದು ನಗೆಪಾಟಲಾದ ಹುಡುಗಿ, ನಾನು ಚಪ್ಪಾಳೆ ತಟ್ಟಿಸಿದ ಹದಿನಾಲ್ಕು ಪದಗಳಿಗಿಂತ ಆಳಕ್ಕೆ ಹೋಗಿದ್ದಳು.

ಹಾಗಾದರೆ ಜಿ, ಇ, ಎನ್ ಇರುವ ಪದಗಳೆಲ್ಲ ಒಂದೇ ಕುಟುಂಬದವೇ? ಅಲ್ಲ. ಜನರೇಟರ್, ಜೆನೆಟಿಕ್ಸ್, ರೋಗಜನಕ ಎಂಬ ಅರ್ಥದ ಪ್ಯಾಥೋಜನ್ ಇವೆಲ್ಲ ಹುಟ್ಟಿನ ನಂಟಿನವು. ಏಜೆಂಟ್, ಅರ್ಜೆಂಟ್, ಡಿಟರ್ಜೆಂಟ್, ಟ್ಯಾಂಜೆಂಟ್ ಹಾಗಲ್ಲ. ಅವುಗಳಲ್ಲಿ ಜಿ ಅಕ್ಷರ ಲ್ಯಾಟಿನ್ ಧಾತುವಿನ ಕೊನೆಯದು, ಮುಂದಿನ ಇ, ಎನ್, ಟಿ ಪ್ರತ್ಯಯದ್ದು. ಅಕ್ಕಪಕ್ಕ ನಿಂತ ಮಾತ್ರಕ್ಕೆ ಅಕ್ಷರಗಳು ನೆಂಟರಾಗುವುದಿಲ್ಲ. ಟ್ಯಾಂಜೆಂಟ್‌ನ ಮೂಲಾರ್ಥ ಮುಟ್ಟುವುದು. ಗಣಿತದಲ್ಲಿ ನಾವು ಅದನ್ನು ‘ಸ್ಪರ್ಶಕ’ ಎನ್ನುವುದು ಅದಕ್ಕೇ.

ಆದ್ದರಿಂದ ನನ್ನ ಸಲಹೆ ಇಷ್ಟೆ: ಪದ ಹುಡುಕಿಸಿದ ಮೇಲೆ ಅವನ್ನು ವಿಂಗಡಿಸಲು ಹೇಳೋಣ. “ಇವುಗಳಲ್ಲಿ ಯಾವ ಯಾವ ಪದ ಒಟ್ಟಿಗೆ ಸೇರುತ್ತವೆ? ಯಾಕೆ?” ಎಂದು ಕೇಳೋಣ. ಮಕ್ಕಳು ಊಹಿಸಲಿ. ಊಹೆಯನ್ನು ಅರ್ಥದ ಜೊತೆ, ಕನ್ನಡ ಪದದ ಜೊತೆ ಇಟ್ಟು ಪರೀಕ್ಷಿಸಲಿ. ಕೊನೆಗೆ ನಿಘಂಟು ನೋಡಲಿ. ಅಕ್ಷರಗಳನ್ನು ಆರಿಸುವಾಗಲೂ ಆಯಾ ಪಾಠಕ್ಕೆ ಹೊಂದುವ, ಅರ್ಥವಿರುವ ತುಣುಕನ್ನೇ ಆರಿಸೋಣ. ಹೈಡ್ರೋಜನ್, ಕಾರ್ಬೋಹೈಡ್ರೇಟ್, ಡಿಹೈಡ್ರೇಷನ್ ಮೂರರಲ್ಲೂ ನೀರಿದೆ. ಥರ್ಮಾಮೀಟರ್, ಎಕ್ಸೋಥರ್ಮಿಕ್ ಎರಡರಲ್ಲೂ ಉಷ್ಣವಿದೆ. ಫೋಟೋಗ್ರಾಫ್, ಫೋಟಾನ್, ಫೋಟೋಸಿಂಥೆಸಿಸ್ ಮೂರರಲ್ಲೂ ಬೆಳಕಿದೆ, ನಮ್ಮ ದ್ಯುತಿಸಂಶ್ಲೇಷಣೆಯ ‘ದ್ಯುತಿ’ಯೂ ಅದೇ.

ಇದು ಮೊದಲೇ ಇಂಗ್ಲಿಷಿಗೆ ಹೆದರುವ ಮಕ್ಕಳಿಗೆ ಹೊರೆಯಾಗುತ್ತದೆ, ಆಟ ಆಟವಾಗಿಯೇ ಇರಲಿ ಎಂದು ನನ್ನ ಸಹಪ್ರಶಿಕ್ಷಣಾರ್ಥಿಗಳು ಹೇಳಿದರು. ಭಯ ಹೋಗಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಎಣಿಕೆಯ ಆಟದಲ್ಲಿ ಗೆಲ್ಲುವವರು ಆಗಲೇ ಹೆಚ್ಚು ಇಂಗ್ಲಿಷ್ ಪದ ಬಲ್ಲವರು. ಉಳಿದವರ ಭಯ ಅದರಿಂದ ಹೆಚ್ಚುತ್ತದೆಯೇ ಹೊರತು ಹೋಗುವುದಿಲ್ಲ. ವಿಂಗಡಿಸುವ ಆಟದಲ್ಲಿ ಕನ್ನಡ ಬಲ್ಲ ಮಗುವಿನ ಕೈಯಲ್ಲೂ ಒಂದು ಕೀಲಿಕೈ ಇರುತ್ತದೆ. ಸಮಯದ ಪ್ರಶ್ನೆ ನಿಜ. ನಲವತ್ತು ನಿಮಿಷದ ಅವಧಿಯಲ್ಲಿ ಹುಡುಕಲು ಮೂರು ನಿಮಿಷ, ವಿಂಗಡಿಸಲು ಏಳು ನಿಮಿಷ ಕೊಟ್ಟರೆ ಸಾಕು. ಹದಿನಾಲ್ಕು ಪದಗಳ ಬದಲು ಆರು ಸಿಕ್ಕರೂ ನಷ್ಟವಿಲ್ಲ.

ಎರಡು ದಿನ ಬಿಟ್ಟು ಅದೇ ತರಗತಿಗೆ ಹೋದೆ. “ಮೊನ್ನೆ ನೀನು ಕೇಳಿದ್ದು ನನಗೂ ಗೊತ್ತಿರಲಿಲ್ಲ” ಎಂದು ಅವಳಿಗೆ ಎಲ್ಲರೆದುರು ಹೇಳಿ, ಆ ಪದಗಳನ್ನೇ ವಿಂಗಡಿಸಲು ಕೊಟ್ಟೆ. ಆಮೇಲೆ ಹಲಗೆಯ ಮೇಲೆ ಹೈಡ್ರೋಕ್ಲೋರಿಕ್ ಆಮ್ಲದ ಸೂತ್ರ ಬರೆದು, ಇದರಲ್ಲಿ ಆಮ್ಲಜನಕ ಎಲ್ಲಿದೆ ಎಂದು ಕೇಳಿದೆ. ಹುಡುಕಿದರು, ಸಿಗಲಿಲ್ಲ. “ಹಾಗಾದ್ರೆ ಹೆಸರೇ ತಪ್ಪಾ ಮಿಸ್?” ಎಂದಳು ಅದೇ ಹುಡುಗಿ. ತಪ್ಪೇ. ಆಮ್ಲಗಳಿಗೆಲ್ಲ ಆಕ್ಸಿಜನ್ ಬೇಕೆಂದು ಲವಾಸಿಯೇ ನಂಬಿದ್ದ. ಈ ಆಮ್ಲದಲ್ಲಿ ಅದು ಇಲ್ಲವೆಂದು 1810ರ ಸುಮಾರಿಗೆ ಹಂಫ್ರಿ ಡೇವಿ ತೋರಿಸಿಕೊಟ್ಟ. ಹೆಸರು ಮಾತ್ರ ಉಳಿಯಿತು, ಕನ್ನಡಕ್ಕೂ ಬಂತು. ಅವತ್ತಿನ ಪಾಠ ಯೋಜನೆಯಲ್ಲಿ ಇದ್ಯಾವುದೂ ಇರಲಿಲ್ಲ. ನಾನು ಅಂದುಕೊಂಡದ್ದರಲ್ಲಿ ಎರಡು ಅಂಶ ಉಳಿದೇ ಹೋದವು.

ನಮ್ಮ ಪಾಠ ವೀಕ್ಷಿಸುವ ಗುರುಗಳಲ್ಲಿ ಒಂದು ವಿನಂತಿ. ಚಟುವಟಿಕೆ ಇತ್ತೇ, ಸಮಯಕ್ಕೆ ಮುಗಿಯಿತೇ ಎಂಬುದರ ಜೊತೆಗೆ ಇನ್ನೊಂದು ಸಾಲು ನಮೂನೆಯಲ್ಲಿ ಸೇರಲಿ: ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗೆ ಪ್ರಶಿಕ್ಷಣಾರ್ಥಿ ಏನು ಮಾಡಿದರು? ಅಂದು ಆ ಸಾಲು ಇದ್ದಿದ್ದರೆ ನನಗೆ ಅಂಕ ಕಡಿಮೆ ಬರುತ್ತಿತ್ತು. ಬರಬೇಕಾಗಿತ್ತು ಕೂಡ.