ಭೂಪಟದ ಡಬ್ಬಿಗೂ ಚೀಟಿ ಬೇಕು



ಮನೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್, ರಿಕ್ಷಾದವರೊಡನೆ ಮರಾಠಿ ಆಡುತ್ತ ಬೆಳೆದವರು ನೀವು. ಕಂಪ್ಯೂಟರಿನ ವಿಷಯದಲ್ಲಿ ನನ್ನಂಥ ಗೃಹಿಣಿ ನಿಮಗೆ ಪಾಠ ಹೇಳಲು ಹೊರಟರೆ ನಗು ಬಂದೀತು. ಬರಲಿ. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ನನಗೆ ಭೂಪಟ ಎಂದರೆ ಶಾಲೆಯ ಗೋಡೆಯಲ್ಲಿ ತೂಗುತ್ತಿದ್ದ ಬಣ್ಣದ ಹಾಳೆ, ಅಷ್ಟೆ. ಆದರೂ ಈ ಸಲ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಬಗ್ಗೆ ಬರೆಯುತ್ತಿದ್ದೇನೆ. ಏಕೆಂದರೆ ಅದರಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಅದು ನಿಮ್ಮಿಂದ ಆಗಬಾರದು.

ನಮ್ಮ ಮಾವನವರು ಉಡುಪಿ ಕಡೆಯಿಂದ 1964ರಲ್ಲಿ ಇಲ್ಲಿಗೆ ಬಂದವರು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದವರು. ಠಾಣೆ, ಕಲ್ಯಾಣ, ಡೊಂಬಿವಲಿಯ ಗಲ್ಲಿಗಲ್ಲಿಯೂ ಅವರಿಗೆ ಬಾಯಿಪಾಠ. ಊರಿನಿಂದ ಬಂದ ಹುಡುಗರು ಎಂಟು ಹತ್ತು ಮಂದಿ ಒಟ್ಟಿಗೆ ಇದ್ದ ಕೋಣೆ ಯಾವುದು, ಸಾಲದಲ್ಲಿ ಊಟ ಹಾಕುತ್ತಿದ್ದ ಖಾನಾವಳಿ ಎಲ್ಲಿತ್ತು, ಶನಿವಾರದ ಭಜನೆ ಯಾರ ಚಾಳಿನಲ್ಲಿ ನಡೆಯುತ್ತಿತ್ತು, ಎಲ್ಲವನ್ನೂ ಹೇಳುತ್ತಿದ್ದರು. 2019ರ ದೀಪಾವಳಿ ರಜೆಯಲ್ಲಿ ನನ್ನ ಮಗಳು ಅಜ್ಜನ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಳು. ಅವರು ಪರದೆಯ ಮೇಲೆ ಬೆರಳಿಟ್ಟಲ್ಲಿ ಅವಳು ಒಂದೊಂದು ಚುಕ್ಕಿ ಹಾಕಿದಳು. ಪಕ್ಕದಲ್ಲಿ ಹೆಸರು, ಕಾಲ ಎಲ್ಲವನ್ನೂ ತುಂಬಿದಳು. ಒಟ್ಟು 34 ಚುಕ್ಕಿಗಳಾದವು. ನಾನೂ ಒಂದು ನೋಟ್‌ಬುಕ್ಕಿನಲ್ಲಿ ಅವರ ಮಾತನ್ನು ಅಲ್ಲಲ್ಲಿ ಗೀಚಿಕೊಂಡೆ.

2021ರಲ್ಲಿ ಮಾವ ತೀರಿಕೊಂಡರು. ಮರುವರ್ಷ ಹಳೆಯ ಲ್ಯಾಪ್‌ಟಾಪ್ ಮಾರುವ ಮೊದಲು ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿದವಳು ನಾನು. ನೋಡಿದರೆ ಒಂದೇ ಹೆಸರಿನ ನಾಲ್ಕಾರು ಫೈಲುಗಳು! ಗೃಹಿಣಿಯ ಬುದ್ಧಿ ನೋಡಿ, ಒಂದೇ ಸಾಮಾನು ನಾಲ್ಕು ಡಬ್ಬಿಯಲ್ಲಿದ್ದರೆ ನಮಗೆ ಸಹಿಸುವುದಿಲ್ಲ. ಎರಡನ್ನು ಇಟ್ಟುಕೊಂಡು ಉಳಿದದ್ದನ್ನು ಅಳಿಸಿಬಿಟ್ಟೆ. ಮುಂದಿನ ಸಲ ಮಗಳು ತೆರೆದಾಗ 34 ಚುಕ್ಕಿಗಳೂ ಇದ್ದವು, ಒಂದಕ್ಕೂ ಹೆಸರಿರಲಿಲ್ಲ. ಕೇಳೋಣವೆಂದರೆ ಹೇಳುವವರೇ ಇಲ್ಲ.

ಆದದ್ದು ಇಷ್ಟೇ. ಮಗಳು ಬಳಸಿದ್ದು ಶೇಪ್‌ಫೈಲ್ ಎಂಬ ಹಳೆಯ ಪದ್ಧತಿ. ಎಸ್ರಿ ಎಂಬ ಅಮೇರಿಕದ ಕಂಪೆನಿ ತೊಂಬತ್ತರ ದಶಕದಲ್ಲಿ ರೂಢಿಗೆ ತಂದದ್ದು. ಸರಕಾರಿ ಮಾಹಿತಿ ಈಗಲೂ ಬಹಳ ಕಡೆ ಇದರಲ್ಲೇ ಸಿಗುತ್ತದೆ. ಹೆಸರಿಗೆ ಒಂದು ಫೈಲು, ನಿಜದಲ್ಲಿ ಒಂದು ಕುಟುಂಬ. ಎಸ್‌ಎಚ್‌ಪಿ ಎಂಬುದರಲ್ಲಿ ಆಕಾರ ಇರುತ್ತದೆ, ಎಸ್‌ಎಚ್‌ಎಕ್ಸ್‌ನಲ್ಲಿ ಅದರ ಅನುಕ್ರಮಣಿಕೆ. ಡಿಬಿಎಫ್ ಎಂಬುದು ಹೆಸರು, ವರ್ಷ ಮುಂತಾದ ವಿವರಗಳ ಪಟ್ಟಿ. ಪಿಆರ್‌ಜೆ ಎಂಬುದು ಯಾವ ಅಳತೆಯ ಪದ್ಧತಿಯಲ್ಲಿ ಬರೆದಿದೆ ಎಂದು ಹೇಳುವ ಚೀಟಿ. ಕುಕ್ಕರಿಗೆ ಗ್ಯಾಸ್ಕೆಟ್, ವೇಟ್, ಮುಚ್ಚಳ ಇದ್ದ ಹಾಗೆ; ಒಂದನ್ನು ಬಿಸಾಡಿದರೆ ಉಳಿದದ್ದು ಬರೀ ಪಾತ್ರೆ. ನಾನು ಬಿಸಾಡಿದ್ದು ಡಿಬಿಎಫ್ ಮತ್ತು ಪಿಆರ್‌ಜೆ.

ಈ ಕತೆಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಈಗ ಕೆಲಸಕ್ಕೆ ಬರೋಣ.

ನಕ್ಷೆಗೆ ಬೇಕಾದ ಸಾಫ್ಟ್‌ವೇರ್ ಕ್ಯೂಜಿಐಎಸ್. ಗ್ಯಾರಿ ಶೆರ್ಮನ್ ಎಂಬವರು 2002ರಲ್ಲಿ ಶುರುಮಾಡಿದ ಈ ಕೆಲಸವನ್ನು ಈಗ ಹಲವು ದೇಶಗಳ ಜನ ಸೇರಿ ನಡೆಸುತ್ತಿದ್ದಾರೆ. ಒಂದು ಪೈಸೆ ಖರ್ಚಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಯಾವುದರಲ್ಲಾದರೂ ನಡೆಯುತ್ತದೆ. ಇಳಿಸಿಕೊಳ್ಳುವಾಗ ಲಾಂಗ್ ಟರ್ಮ್ ರಿಲೀಸ್ ಎಂದು ಬರೆದಿರುವುದನ್ನೇ ಆರಿಸಿಕೊಳ್ಳಿ. ಹೊಸಬರಿಗೆ ಅದೇ ನೆಮ್ಮದಿ.

ತೆರೆದಾಗ ಖಾಲಿ ಬಿಳಿ ಹಾಳೆ ಕಂಡು ಗಾಬರಿಯಾಗಬೇಡಿ. ಎಡಗಡೆಯ ಬ್ರೌಸರ್ ಪಟ್ಟಿಯಲ್ಲಿ ಎಕ್ಸ್‌ವೈಝಡ್ ಟೈಲ್ಸ್ ಎಂಬುದನ್ನು ಬಿಚ್ಚಿದರೆ ಓಪನ್‌ಸ್ಟ್ರೀಟ್‌ಮ್ಯಾಪ್ ಸಿಗುತ್ತದೆ. ಅದನ್ನು ಎರಡು ಸಲ ಒತ್ತಿದರೆ ಜಗತ್ತೇ ಹರಡಿಕೊಳ್ಳುತ್ತದೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ನಕ್ಷೆಯನ್ನು ಜನಸಾಮಾನ್ಯರೇ ತುಂಬುತ್ತಾರೆ. ಬಳಸಿ ಅಚ್ಚು ಹಾಕಿಸಿದರೆ ಅವರ ಹೆಸರನ್ನು ಕೆಳಗೆ ನಮೂದಿಸಬೇಕು. ಹತ್ತಿರ ಹತ್ತಿರ ಹೋದಂತೆ ಠಾಣೆಯ ಖಾಡಿ, ಉಲ್ಲಾಸ ನದಿ, ಕಲ್ಯಾಣ ಜಂಕ್ಷನ್ನಿನ ಹಳಿಗಳು ಒಂದೊಂದಾಗಿ ಕಾಣುತ್ತವೆ.

ಇದರ ಮೇಲೆ ನಿಮ್ಮ ಪದರ ಬರುತ್ತದೆ. ಕಸೂತಿ ಹಾಕುವವರು ಚಿತ್ರದ ಮೇಲೆ ಟ್ರೇಸಿಂಗ್ ಪೇಪರ್ ಇಡುತ್ತಾರಲ್ಲ, ಅದೇ ರೀತಿ. ಒಂದು ಹಾಳೆಯಲ್ಲಿ ಬರೀ ಚುಕ್ಕಿ, ಇನ್ನೊಂದರಲ್ಲಿ ಬರೀ ಗೆರೆ, ಮತ್ತೊಂದರಲ್ಲಿ ಬರೀ ಆವರಣ. ಠಾಣೆ ಸ್ಟೇಷನ್ನು ಚುಕ್ಕಿ. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಠಾಣೆಗೆ ಬಂದ ದಾರಿ ಗೆರೆ. ನಿಮ್ಮ ಮುನಿಸಿಪಲ್ ವಾರ್ಡು ಆವರಣ.

ಹೊಸ ಪದರ ಮಾಡುವಾಗ ಶೇಪ್‌ಫೈಲ್ ಬೇಡ. ಲೇಯರ್ ಮೆನುವಿನಲ್ಲಿ ಕ್ರಿಯೇಟ್ ಲೇಯರ್, ಅದರೊಳಗೆ ನ್ಯೂ ಜಿಯೋಪ್ಯಾಕೇಜ್ ಲೇಯರ್ ಎಂದಿದೆ. 2014ರಲ್ಲಿ ಅಂತಾರಾಷ್ಟ್ರೀಯ ಮಾನಕವಾದ ಈ ಪದ್ಧತಿಯಲ್ಲಿ ಆಕಾರ, ವಿವರ, ಅಳತೆ ಎಲ್ಲವೂ ಒಂದೇ ಫೈಲಿನೊಳಗೆ. ಹಲವು ಪದರಗಳನ್ನೂ ಅದರಲ್ಲೇ ಇಡಬಹುದು. ಶೇಪ್‌ಫೈಲಿನಲ್ಲಿ ಕಾಲಮ್ಮಿನ ಹೆಸರು ಇಂಗ್ಲಿಷಿನ ಹತ್ತು ಅಕ್ಷರ ಮೀರುವಂತಿಲ್ಲ, ಕನ್ನಡದಲ್ಲಿ ಬರೆದದ್ದು ಎಷ್ಟೋ ಸಲ ಕೆಟ್ಟು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಜಿಯೋಪ್ಯಾಕೇಜಿನಲ್ಲಿ ಅಜ್ಜನ ಮಾತನ್ನು ಕನ್ನಡದಲ್ಲೇ ಬರೆದಿಡಬಹುದು. ಈಗಾಗಲೇ ಶೇಪ್‌ಫೈಲ್ ಇದ್ದರೆ ಪದರದ ಮೇಲೆ ಬಲಗುಂಡಿ ಒತ್ತಿ, ಎಕ್ಸ್‌ಪೋರ್ಟ್ ಮಾಡಿ ಬದಲಾಯಿಸಿಕೊಳ್ಳಿ. ನಕಲು ಮಾಡುವಾಗ ಮಾತ್ರ ಮೊದಲು ಕ್ಯೂಜಿಐಎಸ್ ಅನ್ನು ಮುಚ್ಚಿರಿ.

ಪದರ ಮಾಡುವಾಗ ಅಳತೆಯ ಪದ್ಧತಿ ಯಾವುದೆಂದು ಅದು ಕೇಳುತ್ತದೆ. ಇಪಿಎಸ್‌ಜಿ 4326 ಎಂಬುದು ಅಕ್ಷಾಂಶ ರೇಖಾಂಶದ ಪದ್ಧತಿ. ಚುಕ್ಕಿ ಹಾಕಲು ಅದು ಸಾಕು. ಮೀಟರಿನಲ್ಲಿ ದೂರ, ವಿಸ್ತೀರ್ಣ ಬೇಕಾದರೆ 32643 ಎಂಬ ಸಂಖ್ಯೆಯದ್ದು ನಮಗೆ ಹೊಂದುತ್ತದೆ. ರೇಖಾಂಶ 72ರಿಂದ 78ರವರೆಗಿನ ಪಟ್ಟಿ ಅದು. ಡೊಂಬಿವಲಿಯೂ ಅದರಲ್ಲೇ, ಉಡುಪಿಯೂ ಅದರಲ್ಲೇ, ಮೈಸೂರು ಬೆಂಗಳೂರೂ ಅದರಲ್ಲೇ. ಸಂಖ್ಯೆಗಳನ್ನು ಕೈಯಲ್ಲಿ ತುಂಬುವವರಿಗೆ ಒಂದು ಎಚ್ಚರಿಕೆ. ನಾವು ಮಾತಿನಲ್ಲಿ ಅಕ್ಷಾಂಶ ಮೊದಲು ಹೇಳುತ್ತೇವೆ, ಆದರೆ ಎಕ್ಸ್ ಎಂದು ಕೇಳಿದಲ್ಲಿ ರೇಖಾಂಶ ಹಾಕಬೇಕು. ಠಾಣೆ ಇರುವುದು ಸುಮಾರು 19 ಉತ್ತರ, 73 ಪೂರ್ವದಲ್ಲಿ. ಅದಲು ಬದಲಾದರೆ ನಿಮ್ಮ ಮನೆ ನಾರ್ವೆ ದೇಶದ ಉತ್ತರದ ಸಮುದ್ರದಲ್ಲಿ ತೇಲುತ್ತದೆ!

ಇನ್ನು ಫೈಲುಗಳನ್ನು ಜೋಡಿಸುವ ಮಾತು. ಇದು ನಮ್ಮ ಅಡುಗೆಮನೆಯ ವಿದ್ಯೆ. ಒಂದು ದೊಡ್ಡ ಫೋಲ್ಡರ್, ಅದರೊಳಗೆ ಮೂರು ಚಿಕ್ಕವು. ಮೊದಲನೆಯದು ಮೂಲ: ಹೊರಗಿನಿಂದ ತಂದದ್ದು ಅಲ್ಲೇ ಇರಲಿ, ಕೈ ಹಚ್ಚಬೇಡಿ. ಎರಡನೆಯದು ಕೆಲಸ: ನೀವು ತಿದ್ದುವುದು, ಸೇರಿಸುವುದು ಇಲ್ಲಿ. ಮೂರನೆಯದು ಸಿದ್ಧ: ಅಚ್ಚಿಗೆ ಹೋಗುವ ಚಿತ್ರಗಳು. ದೊಡ್ಡ ಫೋಲ್ಡರಿನಲ್ಲಿ ಒಂದು ಸಾದಾ ಬರಹದ ಫೈಲಿನಲ್ಲಿ ಯಾವ ಮಾಹಿತಿ ಎಲ್ಲಿಂದ, ಯಾವತ್ತು ತಂದದ್ದು, ಯಾವ ವರ್ಷದ್ದು ಎಂದು ಬರೆದಿಡಿ. ಅದೇ ಡಬ್ಬಿಯ ಚೀಟಿ. ಫೈಲಿನ ಹೆಸರಿನಲ್ಲಿ ಊರು, ವಿಷಯ, ವರ್ಷ ಇರಲಿ. ಇಂಗ್ಲಿಷಿನ ಚಿಕ್ಕಕ್ಷರ ಬಳಸಿ, ನಡುವೆ ಖಾಲಿ ಜಾಗ ಬಿಡಬೇಡಿ. 'ಫೈನಲ್', 'ಫೈನಲ್ ಹೊಸದು', 'ಫೈನಲ್ ಹೊಸದು ಎರಡು' ಎಂದಿಟ್ಟರೆ ಆರು ತಿಂಗಳಲ್ಲಿ ನಿಮಗೇ ತಿಳಿಯದು.

ಇನ್ನೊಂದು ಮಾತು, ಬಹಳ ಮಂದಿ ಮೋಸ ಹೋಗುವುದು ಇಲ್ಲಿ. ಕ್ಯೂಜಿಐಎಸ್‌ನಲ್ಲಿ ಸೇವ್ ಮಾಡಿದ ಪ್ರಾಜೆಕ್ಟ್ ಫೈಲಿನಲ್ಲಿ ಸಾಮಾನ್ಯವಾಗಿ ನಿಮ್ಮ ಚುಕ್ಕಿಗಳು ಇರುವುದಿಲ್ಲ. ಬಣ್ಣ, ಜೋಡಣೆ ಮತ್ತು ಚುಕ್ಕಿಗಳ ಫೈಲು ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಅದೊಂದನ್ನೇ ಸ್ನೇಹಿತರಿಗೆ ಕಳಿಸಿದರೆ ಮದುವೆ ಕಾಗದ ಕಳಿಸಿ ಮಂಟಪ ಕಟ್ಟದಂತೆ. ಫೋಲ್ಡರನ್ನು ಇಡಿಯಾಗಿ ಕಳಿಸಿ.

ವರ್ಷ ಏಕೆ ಬರೆಯಬೇಕು? 2011ರ ಜನಗಣತಿಯ ಠಾಣೆ ಜಿಲ್ಲೆಯನ್ನು ತೆರೆದರೆ ವಸಯಿ, ಪಾಲ್ಘರ್, ಡಹಾಣು ಎಲ್ಲವೂ ಅದರೊಳಗಿವೆ. 2014ರ ಆಗಸ್ಟ್ 1ರಂದು ಪಾಲ್ಘರ್ ಬೇರೆ ಜಿಲ್ಲೆಯಾಯಿತು. ಚೀಟಿಯಿಲ್ಲದೆ ಎರಡು ನಕ್ಷೆ ಹೋಲಿಸಿದವರು ಠಾಣೆಯ ಜನಸಂಖ್ಯೆ ಎಲ್ಲಿ ಹೋಯಿತೆಂದು ಹುಡುಕಬೇಕಾದೀತು. ನವಿ ಮುಂಬಯಿಯೂ ಹಾಗೆಯೇ: ವಾಶಿ, ನೆರೂಳ್ ಠಾಣೆ ಜಿಲ್ಲೆಯಲ್ಲಿ, ಪನ್ವೇಲ್ ಕಡೆಯದು ರಾಯಗಡದಲ್ಲಿ. ನಮ್ಮ ಊರಿನ ಕತೆಯೂ ಬೇರೆಯಲ್ಲ. ಮಾವ ಬರುವಾಗ ಉಡುಪಿ ದಕ್ಷಿಣ ಕನ್ನಡದೊಳಗಿತ್ತು, 1997ರಲ್ಲಿ ಜಿಲ್ಲೆಯಾಯಿತು. ಬಿಜಾಪುರ, ಬೆಳಗಾಂ, ಗುಲ್ಬರ್ಗ 2014ರ ನವೆಂಬರ್ 1ರಿಂದ ವಿಜಯಪುರ, ಬೆಳಗಾವಿ, ಕಲಬುರಗಿ. ಡೊಂಬಿವಲಿಯನ್ನೇ ಇಂಗ್ಲಿಷಿನಲ್ಲಿ ಎರಡು ಮೂರು ಬಗೆಯಲ್ಲಿ ಬರೆಯುತ್ತಾರೆ. ಕಂಪ್ಯೂಟರಿಗೆ ಒಂದಕ್ಷರ ಬೇರೆಯಾದರೂ ಬೇರೆ ಊರೇ. ಆದುದರಿಂದ ಎರಡು ಪಟ್ಟಿ ಜೋಡಿಸುವಾಗ ಹೆಸರನ್ನು ನಂಬದೆ ಜನಗಣತಿಯ ಕೋಡ್ ಸಂಖ್ಯೆಯನ್ನು ಹಿಡಿಯಿರಿ.

ಈಗ ನಮ್ಮ 34 ಚುಕ್ಕಿಗಳ ಕಡೆಗೆ. ನೋಟ್‌ಬುಕ್ ಪುಣ್ಯಕ್ಕೆ ರದ್ದಿಗೆ ಹೋಗಿರಲಿಲ್ಲ. 'ಸ್ಟೇಷನ್ ಇಳಿದು ಬಲಕ್ಕೆ ಮೂರನೇ ಗಲ್ಲಿ' ಎಂಬಂಥ ನನ್ನ ಗೀಚುಗಳನ್ನು ಹಿಡಿದುಕೊಂಡು ನಾನೂ ಮಗಳೂ ಮಾವನ ಸಂಗಡಿಗರ ಮನೆಗಳಿಗೆ ಹೋದೆವು. ಕಲ್ಯಾಣದ ಒಬ್ಬ ಹಿರಿಯರು, ವಯಸ್ಸು ತೊಂಬತ್ತರ ಹತ್ತಿರ, ಪರದೆಗೆ ಮೂಗು ತಾಗಿಸಿ ನೋಡಿ, "ಇದು ನಮ್ಮ ಕೋಣೆಯಮ್ಮಾ, ಕೆಳಗೆ ಕಲ್ಲಿದ್ದಲಿನ ಅಂಗಡಿ ಇತ್ತು" ಎಂದರು. ಆಮೇಲೆ ಆ ಕೋಣೆಯಲ್ಲಿದ್ದ ಒಬ್ಬೊಬ್ಬರ ಹೆಸರನ್ನೂ ಹೇಳಿದರು. ಹೀಗೆ 22 ಚುಕ್ಕಿಗಳಿಗೆ ಹೆಸರು ಮರಳಿ ಬಂತು. 12 ಹಾಗೆಯೇ ಉಳಿದಿವೆ. ಅವನ್ನು ನಾವು ಅಳಿಸಿಲ್ಲ. ಮಾವ ಅಲ್ಲಿ ಬೆರಳಿಟ್ಟದ್ದು ನಿಜ. ಏಕೆ ಇಟ್ಟರೆಂಬುದು ಮಾತ್ರ ನನ್ನ ಅಚ್ಚುಕಟ್ಟುತನದಿಂದ ಹೋಯಿತು.

ನಿಮ್ಮ ಮನೆಯಲ್ಲೂ ಅಜ್ಜನೋ ಅಜ್ಜಿಯೋ ಇರಬಹುದು, ಇಲ್ಲವೇ ಅಪ್ಪನೇ ಈಗ ಎಪ್ಪತ್ತರ ಹತ್ತಿರ ಬಂದಿರಬಹುದು. ಬರುವ ಭಾನುವಾರ ಒಂದು ಗಂಟೆ ಅವರ ಪಕ್ಕದಲ್ಲಿ ಕುಳಿತು ಹತ್ತೇ ಹತ್ತು ಚುಕ್ಕಿ ಹಾಕಿ. ಪ್ರತಿಯೊಂದಕ್ಕೂ ಐದು ವಿವರ ಬರೆಯಿರಿ: ಜಾಗದ ಹೆಸರು, ಅಲ್ಲಿ ಏನಿತ್ತು, ಯಾವ ಕಾಲದ್ದು, ಹೇಳಿದವರು ಯಾರು, ಬರೆದ ದಿನ. ಕಾಲವನ್ನು ಬಿಡಬೇಡಿ, ವಾಶಿಗೆ ರೈಲು ಬಂದದ್ದೇ 1992ರಲ್ಲಿ, ಅದಕ್ಕೂ ಹಿಂದಿನ ದಾರಿಗಳು ಬೇರೆ. ಎರಡು ಕಡೆ ನಕಲು ಇಡಿ, ಒಂದು ಮನೆಯಲ್ಲಿ, ಒಂದು ಹೊರಗೆ. ಹಳೆಯ ಜಾಗಗಳನ್ನು ಎಲ್ಲರಿಗೂ ತೋರಿಸಿ, ಆದರೆ ಒಂಟಿಯಾಗಿರುವ ಹಿರಿಯರ ಈಗಿನ ಮನೆಯ ವಿಳಾಸ, ಫೋನು ನಂಬರು ಅದರಲ್ಲಿ ಸೇರಬಾರದು. ಅವು ಬೇರೆ ಫೈಲಿನಲ್ಲಿ, ಮನೆಯೊಳಗೇ ಇರಲಿ.

ಮಾಡಿದವರು ನನಗೆ ತಿಳಿಸಿ. ನಿಮ್ಮ ಅಜ್ಜ ಬೆರಳಿಟ್ಟ ಜಾಗ ನಮ್ಮ 12ರಲ್ಲಿ ಒಂದರ ಮೇಲೆ ಬಿದ್ದರೂ ಬಿದ್ದೀತು.