ನಿಧಾನವೂ ನಿದಾನವೂ

ಬೆಟ್ಟದ ದಾರಿಯ ತಿರುವುಗಳಲ್ಲಿ ‘ನಿಧಾನವಾಗಿ ಚಲಿಸಿ’ ಎಂಬ ಫಲಕವನ್ನು ಕಾಣದವರು ಯಾರು? ಆ ‘ನಿಧಾನ’ದ ಮಹಾಪ್ರಾಣವೊಂದನ್ನು ತೆಗೆದರೆ ‘ನಿದಾನ’ವಾಗುತ್ತದೆ. ರೋಗದ ಮೂಲಕಾರಣವನ್ನು ಅರಸಿ ನಿಶ್ಚಯಿಸುವುದಕ್ಕೆ ಆಯುರ್ವೇದವು ಕೊಟ್ಟಿರುವ ಹೆಸರು ಅದು. ನಿಧಾನವಿಲ್ಲದ ಕಡೆ ನಿದಾನವೂ ಇರುವುದಿಲ್ಲ. ಈ ಮಾತು ಮನುಷ್ಯದೇಹಕ್ಕೆ ಎಷ್ಟು ಸತ್ಯವೋ, ಮನೆಯ ಮುಂದೆ ನಿಂತಿರುವ ಹಳೆಯ ವಾಹನಕ್ಕೂ ಅಷ್ಟೇ ಸತ್ಯ.

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದ ಚಿಕ್ಕಬಳ್ಳಾಪುರದ ಸೀಮೆಯಲ್ಲಿ, ಎಸ್‌ಯುವಿ ಎಂದು ಕರೆಸಿಕೊಳ್ಳುವ, ಜೀಪಿನ ಕುಲಕ್ಕೆ ಸೇರಿದ ದೊಡ್ಡ ಗಾಡಿಗಳಿಗೆ ಮೊದಲಿನಿಂದಲೂ ಮನ್ನಣೆ. 1994ರಲ್ಲಿ ಬಂದ ಟಾಟಾ ಸುಮೋ, 2000ದಲ್ಲಿ ಬಂದ ಬೊಲೆರೊ, 2002ರಲ್ಲಿ ಬಂದ ಸ್ಕಾರ್ಪಿಯೊ, ಇವುಗಳ ಪೈಕಿ ವಯಸ್ಸಾದವು ಇಂದಿಗೂ ದುಡಿಯುತ್ತಿವೆ. ಹತ್ತು ಜನರ ಸಂಸಾರವನ್ನು ಹೊತ್ತು ಬೆಟ್ಟ ಹತ್ತಿ ಇಳಿದು, ಊರೂರಿನ ರಸ್ತೆಯುಬ್ಬುಗಳ ಮೇಲೆ ಕುಕ್ಕರಿಸಿದ ಗಾಡಿಗೆ ಮುಪ್ಪಿನಲ್ಲಿ ಕೀಲುನೋವು ಬರುವುದು ಸಹಜವೇ ಆಗಿದೆ.

ಶಿಡ್ಲಘಟ್ಟದ ಮೇಷ್ಟರೊಬ್ಬರ ಮನೆಯಲ್ಲಿ ಇಂಥದೊಂದು ಗಾಡಿಯಿದ್ದಿತು. ವಯಸ್ಸು ಹದಿನಾಲ್ಕು. ಒಂದು ಮಳೆಗಾಲ ಕಳೆದ ಮೇಲೆ ಅದರ ಮುಂಭಾಗದಿಂದ ‘ಗಡಕ್’ ಎಂಬ ಸದ್ದು ಏಳತೊಡಗಿತು. ಕೆಲವು ವಾರಗಳಲ್ಲಿ ಇನ್ನೊಂದು ಉಪದ್ರವ ಸೇರಿಕೊಂಡಿತು. ವೇಗದಲ್ಲಿ ಬ್ರೇಕ್ ಒತ್ತಿದರೆ ಪೆಡಲು ಜ್ವರಪೀಡಿತನ ನಾಡಿಯಂತೆ ಪಾದದಡಿಯಲ್ಲಿ ಮಿಡಿಯುವುದು. ಸ್ಟೇರಿಂಗೂ ಕೈಯಲ್ಲಿ ನಡುಗುವುದು.

ಮೇಷ್ಟರು ಆತುರದ ಮನುಷ್ಯರು. ಅವರಿಗೆ ಆತುರಕ್ಕೆ ಕಾರಣವೂ ಇದ್ದಿತು. ಗೌರಿಬಿದನೂರಿಗೆ ಕೊಟ್ಟಿದ್ದ ಮಗಳು ಏಳು ತಿಂಗಳ ಗರ್ಭಿಣಿ. ಅವಳನ್ನು ಬಾಣಂತನಕ್ಕೆ ತವರಿಗೆ ಕರೆತರಬೇಕಾಗಿತ್ತು. ಸಮೀಪದ ಗ್ಯಾರೇಜೊಂದಕ್ಕೆ ಗಾಡಿ ಕೊಟ್ಟರು. ಅಲ್ಲಿನವರು ಸದ್ದು ಎಂದೊಡನೆ ಎರಡು ಶಾಕ್ ಅಬ್ಸಾರ್ಬರುಗಳನ್ನು ಬದಲಿಸಿದರು. ಸದ್ದು ಹೋಗಲಿಲ್ಲ. ಮತ್ತೊಂದು ಕಡೆ ಬ್ರೇಕಿನ ಡಿಸ್ಕುಗಳನ್ನು ಲೇತಿನಲ್ಲಿ ಕಡೆಸಿ, ಹೊಸ ಪ್ಯಾಡ್ ಹಾಕಿಸಿದರು. ಮಿಡಿತ ಮಾಯವಾಯಿತು. ಆದರೆ ಎರಡು ತಿಂಗಳಲ್ಲಿ, ಮನೆಬಿಟ್ಟು ಹೋಗಿದ್ದ ಬೆಕ್ಕಿನಂತೆ ಅದು ಹಿಂದಿರುಗಿತು. ಎರಡು ರಸೀದಿಗಳು ಬೀರುವಿನಲ್ಲಿ ಕುಳಿತವು. ವ್ಯಾಧಿಗಳೆರಡೂ ಗಾಡಿಯಲ್ಲೇ ಉಳಿದವು.

“ರೀ, ಸದ್ದು ಯಾವಾಗ ಬರುತ್ತದೆ ಎಂದು ಅವರು ಯಾರಾದರೂ ಕೇಳಿದರೇ?” ಎಂದರು ಅವರ ಶ್ರೀಮತಿಯವರು.

“ಯಾವಾಗಲೂ ಬರುತ್ತದೆ, ಕೇಳುವುದೇನು?”

“ಯಾವಾಗಲೂ ಬರುವುದಿಲ್ಲ. ನಾನು ಬರೆದಿಟ್ಟಿದ್ದೇನೆ.”

ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಆಕೆ ನಿಜವಾಗಿಯೂ ಬರೆದಿಟ್ಟಿದ್ದರು. ರಸ್ತೆಯುಬ್ಬನ್ನು ಮೆಲ್ಲಗೆ ಇಳಿಯುವಾಗ ಒಂದು ಸಲ; ಬ್ರೇಕ್ ಹಿಡಿದು ನಿಲ್ಲಿಸುವ ಕೊನೆಯ ಗಳಿಗೆಯಲ್ಲಿ ಒಂದು ಸಲ; ನುಣುಪಾದ ಹೆದ್ದಾರಿಯಲ್ಲಿ ಇಲ್ಲವೇ ಇಲ್ಲ. ಕೂರುವುದು ಎಡಗಡೆಯ ಮುಂದಿನ ಆಸನದಲ್ಲಿ. ತಮ್ಮ ಪಾದದ ಕೆಳಗೇ ಯಾರೋ ತಟ್ಟಿದಂತಾಗುತ್ತದೆ.

ಆ ಪುಟದೊಡನೆ ಮೇಷ್ಟರು ಚಿಂತಾಮಣಿಯ ವೃದ್ಧ ಮೇಸ್ತ್ರಿಯೊಬ್ಬರ ಬಳಿಗೆ ಹೋದರು. ಮೇಸ್ತ್ರಿ ಸ್ಪ್ಯಾನರನ್ನು ಮುಟ್ಟಲಿಲ್ಲ; ಮೊದಲು ಪುಟವನ್ನು ಓದಿಸಿ ಕೇಳಿದರು.

“ಅಮ್ಮನವರು ಅರ್ಧ ಕೆಲಸ ಮುಗಿಸಿದ್ದಾರೆ, ಸ್ವಾಮಿ. ಸಣ್ಣ ಸಣ್ಣ ಕುಲುಕಾಟಕ್ಕೆಲ್ಲ ಲಟಪಟ ಎಂದರೆ ಸ್ಟೆಬಿಲೈಸರಿನ ಲಿಂಕೋ ಅದರ ರಬ್ಬರೋ ಎಂದು ಸಂಶಯ ಪಡಬೇಕು. ಗುಂಯ್ ಎಂದು ವೇಗದ ಜೊತೆಗೆ ಏರುವುದಾದರೆ ಚಕ್ರದ ಬೇರಿಂಗು. ಬ್ರೇಕ್ ಹಿಡಿದಾಗ ಒಂದೇ ಒಂದು ಪೆಟ್ಟು ಕೇಳಿಸಿದರೆ, ಕ್ಯಾಲಿಪರ್ ಸಡಿಲವಾಗಿರಬೇಕು, ಇಲ್ಲವೆ ಕೆಳಗಿನ ತೋಳಿನ ಬುಷ್ ಅಥವಾ ಬಾಲ್ ಜಾಯಿಂಟ್ ಸವೆದಿರಬೇಕು.”

ಹೀಗೆಂದು ಅವರು ಮೊದಲು ಚಕ್ರದ ನಟ್ಟುಗಳು ಬಿಗಿಯಾಗಿವೆಯೇ ಎಂದು ನೋಡಿದರು. ಅತಿ ಸುಲಭವಾದ ಕಾರಣವನ್ನು ಮೊದಲು ತಳ್ಳಿಹಾಕುವುದು ಅವರ ಕ್ರಮ. ಬಳಿಕ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಎಡಗಡೆ ಕೆಳಗಿನ ತೋಳಿನ ಅಡಿಗೆ ಜಾಕ್ ಇಟ್ಟು ಎತ್ತಿದರು. ಆ ಗಾಡಿಯಲ್ಲಿ ಸ್ಪ್ರಿಂಗಿನ ಭಾರವು ಕೆಳಗಿನ ತೋಳಿನ ಮೇಲೆ ಕುಳಿತಿರುತ್ತದೆ. ತೋಳನ್ನೇ ಎತ್ತಿದರೆ ಬಾಲ್ ಜಾಯಿಂಟಿನ ಮೇಲಿನ ಒತ್ತಡ ಇಳಿದು, ಅಡಗಿರುವ ಸಡಿಲವು ಹೊರಬೀಳುತ್ತದೆ. ಜಾಕನ್ನೊಂದೇ ನಂಬಬಾರದೆಂದು ಚಾಸಿಯ ಅಡಿಗೆ ಗಟ್ಟಿಯಾದ ಸ್ಟ್ಯಾಂಡನ್ನೂ ಇರಿಸಿದರು.

ಟೈರನ್ನು ಗಡಿಯಾರದ ಮುಖವೆಂದು ಭಾವಿಸುವುದು. ಒಂಬತ್ತು ಮತ್ತು ಮೂರು ಗಂಟೆಯ ಸ್ಥಾನಗಳಲ್ಲಿ ಹಿಡಿದು ಅಲ್ಲಾಡಿಸಿದಾಗ ಸಡಿಲ ಕಂಡರೆ ಸ್ಟೇರಿಂಗಿನ ಟೈ ರಾಡ್ ತುದಿಯ ಕಡೆಗೆ ದೃಷ್ಟಿ ಹರಿಯಬೇಕು. ಅಲ್ಲಿ ಏನೂ ಇರಲಿಲ್ಲ. ಹನ್ನೆರಡು ಮತ್ತು ಆರರಲ್ಲಿ ಹಿಡಿದಾಗ ಚಕ್ರವು ಸ್ಪಷ್ಟವಾಗಿ ತೂಗಿತು. ಇದು ಬೇರಿಂಗಿನ ದೋಷವೋ ಬಾಲ್ ಜಾಯಿಂಟಿನದೋ? ಮೇಸ್ತ್ರಿ ಹುಡುಗನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿದರು. ಬ್ರೇಕ್ ಹಿಡಿದಾಗ ಸಡಿಲವು ಮಾಯವಾದರೆ ತಪ್ಪು ಬೇರಿಂಗಿನದು. ಹಾಗೆಯೇ ಉಳಿದರೆ ಜಾಯಿಂಟಿನದು. ಸಡಿಲವು ಉಳಿಯಿತು. ಕೆಳಗಿನ ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಹರಿದು, ಗ್ರೀಸು ಒಣಗಿ, ಮಳೆನೀರು ನುಗ್ಗಿ, ಗುಂಡಿನಂಥ ಕೀಲು ತನ್ನ ಬಟ್ಟಲಿನಲ್ಲಿ ಕುಣಿಯುತ್ತಿದ್ದಿತು.

“ಇದು ಸದ್ದಿನ ಮಾತಲ್ಲ, ಸ್ವಾಮಿ,” ಎಂದರು ಮೇಸ್ತ್ರಿ, ಮೊದಲ ಬಾರಿಗೆ ಗಂಭೀರರಾಗಿ. “ಈ ಗುಂಡು ಬಟ್ಟಲಿನಿಂದ ಕಳಚಿಕೊಂಡರೆ ಚಕ್ರ ಹೊರಕ್ಕೆ ಮಡಚಿಕೊಳ್ಳುತ್ತದೆ. ಆಮೇಲೆ ಸ್ಟೇರಿಂಗು ನಿಮ್ಮ ಮಾತು ಕೇಳುವುದಿಲ್ಲ.”

ಮೇಷ್ಟರು ಮಾತನಾಡಲಿಲ್ಲ. ಹಿಂದಿನ ಭಾನುವಾರವಷ್ಟೇ ಅವರು ನೆಂಟರನ್ನು ತುಂಬಿಕೊಂಡು ನಂದಿಬೆಟ್ಟದಿಂದ ಇಳಿದು ಬಂದಿದ್ದರು. 1,478 ಮೀಟರ್ ಎತ್ತರದ ಆ ಬೆಟ್ಟದ ಒಂದೊಂದು ತಿರುವೂ ಅವರ ಕಣ್ಣ ಮುಂದೆ ಹಾದುಹೋಯಿತು.

ಎರಡನೆಯ ವ್ಯಾಧಿಯ ವಿಚಾರ. ಮಿಡಿತವು ಮುಂದಿನ ಡಿಸ್ಕುಗಳದೋ ಹಿಂದಿನ ಡ್ರಮ್ಮುಗಳದೋ? ಸ್ಟೇರಿಂಗ್ ನಡುಗುವುದರಿಂದ ಮುಂದಿನದೆಂದೇ ತೋರುತ್ತಿದ್ದಿತು. ಆದರೂ ಮೇಸ್ತ್ರಿ, ಜಾಯಿಂಟನ್ನು ಬದಲಿಸಿದ ಮೇಲೆ, ಜನವಿಲ್ಲದ ಬಯಲಿನಲ್ಲಿ ಮೆಲ್ಲಗೆ ಓಡಿಸಿ, ಗುಂಡಿಯನ್ನು ಒತ್ತಿಕೊಂಡೇ ಕೈಬ್ರೇಕನ್ನು ಹಗುರವಾಗಿ ಎಳೆದು ನೋಡಿದರು. ಕೈಬ್ರೇಕು ಹಿಂದಿನ ಡ್ರಮ್ಮುಗಳನ್ನು ಮಾತ್ರ ಹಿಡಿಯುತ್ತದೆ. ಆಗ ಮಿಡಿತವಿರಲಿಲ್ಲ. ಹಿಂದಿನವು ನಿರಪರಾಧಿಗಳು.

ಡಿಸ್ಕ್ ‘ಬೆಂಡಾಗಿದೆ’ ಎಂದು ಎಲ್ಲರೂ ಹೇಳುವುದುಂಟು. ಬಿಸಿಗೆ ಡಿಸ್ಕು ನಿಜವಾಗಿ ಸೊಟ್ಟಗಾಗುವುದು ವಿರಳ. ಬಹುತೇಕ ನಡೆಯುವುದೇ ಬೇರೆ. ಡಿಸ್ಕಿಗೂ ಅದು ಕುಳಿತುಕೊಳ್ಳುವ ಹಬ್ಬಿಗೂ ನಡುವೆ ತುಕ್ಕಿನ ತೆಳುಪದರವಿದ್ದರೆ, ಅಥವಾ ಚಕ್ರದ ನಟ್ಟುಗಳನ್ನು ಒಂದೊಂದು ಒಂದೊಂದು ಬಿಗಿಯಲ್ಲಿ ತಿರುಗಿಸಿದ್ದರೆ, ಡಿಸ್ಕು ಕೂದಲೆಳೆಯಷ್ಟು ಓರೆಯಾಗಿ ಸುತ್ತುತ್ತದೆ. ಸುತ್ತಿದಷ್ಟು ಸಲವೂ ಒಂದೇ ಜಾಗ ಪ್ಯಾಡನ್ನು ಸವರಿ ಸವರಿ, ಕೆಲವು ಸಾವಿರ ಕಿಲೋಮೀಟರುಗಳಲ್ಲಿ ಅಲ್ಲಿ ತೆಳುವಾಗುತ್ತದೆ. ದಪ್ಪ ಜಾಗ ಬಂದಾಗ ಪ್ಯಾಡನ್ನು ತಳ್ಳುತ್ತದೆ. ತೆಳು ಜಾಗ ಬಂದಾಗ ಬಿಡುತ್ತದೆ. ಪಾದಕ್ಕೆ ತಾಗುವ ಮಿಡಿತವು ಅದೇ. ಸೂಕ್ಷ್ಮವೆಷ್ಟೆಂದರೆ, ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಪಾಲಿನಷ್ಟು ದಪ್ಪದ ವ್ಯತ್ಯಾಸವನ್ನೂ ಪಾದವು ಗುರುತಿಸಬಲ್ಲುದು.

ಮೇಸ್ತ್ರಿ ಡಯಲ್ ಗೇಜಿನ ಸೂಜಿಯನ್ನು ಡಿಸ್ಕಿನ ಮೈಗೆ ಮುಟ್ಟಿಸಿ ಚಕ್ರವನ್ನು ತಿರುಗಿಸಿದರು. ಓರೆಯು 0.15 ಮಿಲಿಮೀಟರ್ ಎಂದಿತು. ಸಾಮಾನ್ಯವಾಗಿ 0.05ರಿಂದ 0.10ರ ಒಳಗೆ ಇರಬೇಕಾದದ್ದು ಅದು. ಡಿಸ್ಕನ್ನು ಕಳಚಿದಾಗ ಹಬ್ಬಿನ ಮೈಮೇಲೆ ಕೆಂಪು ತುಕ್ಕಿನ ಹಕ್ಕಳೆ! ಹಿಂದಿನವರು ಡಿಸ್ಕನ್ನು ಕಡೆದಿದ್ದರೇ ಹೊರತು ತುಕ್ಕನ್ನು ಕೆರೆದಿರಲಿಲ್ಲ. ಕಾರಣ ಹಾಗೆಯೇ ಉಳಿದಿದ್ದರಿಂದ ಕಾರ್ಯವು ಎರಡು ತಿಂಗಳಲ್ಲಿ ಮತ್ತೆ ಹುಟ್ಟಿತು. ಆ ಕಡೆತದಿಂದಲೇ ಡಿಸ್ಕು ಸವೆದು, ಅದರ ಮೇಲೆ ಅಚ್ಚಾಗಿರುವ ಕನಿಷ್ಠ ದಪ್ಪದ ಸಮೀಪಕ್ಕೆ ಬಂದಿತ್ತು. ಇನ್ನೊಮ್ಮೆ ಕಡೆಯುವಂತಿರಲಿಲ್ಲ, ಎರಡೂ ಕಡೆಗೆ ಹೊಸವನ್ನೇ ಹಾಕಬೇಕಾಯಿತು.

ಹಬ್ಬನ್ನು ತಂತಿಯ ಬ್ರಷ್‌ನಿಂದ ಉಜ್ಜಿ ಹೊಳೆಯಿಸಿ, ಡಿಸ್ಕನ್ನು ಕೂರಿಸಿ, ಮತ್ತೆ ಅಳೆದಾಗ ಸೂಜಿಯು 0.04ರಲ್ಲಿ ನಿಂತಿತು. ಚಕ್ರದ ನಟ್ಟುಗಳನ್ನು ಒಂದರ ಪಕ್ಕದಲ್ಲೊಂದರಂತೆ ಬಿಗಿಯದೆ, ಎದುರುಬದುರಾಗಿ, ಟಾರ್ಕ್ ವ್ರೆಂಚಿನಿಂದ ಸಮನಾಗಿ ಬಿಗಿದರು. ಕೊನೆಗೆ ಚಕ್ರಗಳ ಅಲೈನ್‌ಮೆಂಟ್ ಆಯಿತು.

ಹಣ ಕೊಟ್ಟು ಹೊರಡುವಾಗ ಮೇಷ್ಟರು ಕೇಳಿದರು: “ಮತ್ತೆ ಹೀಗಾಗದಂತೆ ಏನು ಮಾಡಬೇಕು?”

“ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿ ಇಳಿಯಿರಿ, ಸ್ವಾಮಿ, ಎಂಜಿನ್ನೇ ಅರ್ಧ ಭಾರ ಹಿಡಿಯುತ್ತದೆ. ಬ್ರೇಕ್ ಕಾದಿರುವಾಗ ಗಾಡಿ ನಿಲ್ಲಿಸಿ ಪೆಡಲನ್ನು ಒತ್ತಿಕೊಂಡೇ ಕೂರಬೇಡಿ. ಪ್ಯಾಡಿನ ಪದಾರ್ಥ ಡಿಸ್ಕಿಗೆ ಅಂಟಿ ಕಲೆಯಾಗುತ್ತದೆ, ಅದೂ ಮಿಡಿಯುತ್ತದೆ. ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿಸಿ.” ಸ್ವಲ್ಪ ತಡೆದು ಸೇರಿಸಿದರು: “ಸದ್ದು ಬಂದರೆ ಅಮ್ಮನವರನ್ನು ಕೇಳಿ.”

ಮುಂದಿನ ಶುಕ್ರವಾರ ಗೌರಿಬಿದನೂರಿನಿಂದ ಮಗಳನ್ನು ಕರೆತಂದರು. ಉಬ್ಬುಗಳು ಬಂದವು, ಹೋದವು. ಅವಳು ಹಿಂದಿನ ಆಸನದಲ್ಲಿ ದಿಂಬಿಗೆ ಒರಗಿ ನಿದ್ರಿಸುತ್ತಿದ್ದವಳು ಕಣ್ಣು ತೆರೆಯಲಿಲ್ಲ. ಚಿಕ್ಕಬಳ್ಳಾಪುರವನ್ನು ಸಮೀಪಿಸಿದಾಗ ಮೇಷ್ಟರು, “ಇನ್ನೇನು, ಬೇಗ ಮನೆ ಸೇರಿಬಿಡೋಣ,” ಎಂದರು.

“ನಿಲ್ಲಿಸಿ,” ಎಂದರು ಶ್ರೀಮತಿಯವರು, ಹಾಲಿನ ಪುಸ್ತಕದಿಂದ ತಲೆಯೆತ್ತಿ. “ನೂರು ಕಿಲೋಮೀಟರ್ ಆಯಿತು. ನಟ್ಟುಗಳನ್ನು ಬಿಗಿಸಿಕೊಂಡು ಹೋಗೋಣ.”

ಮೇಷ್ಟರು ನಿಲ್ಲಿಸಿದರು.